ನಾಲ್ಕು ಭಾನುವಾರದ ಕೂಲಿ ಎಲ್ಲಿ?

ಪ್ರಶ್ನೆ: ನನಗೆ 43 ವರ್ಷ. ತುಮಕೂರಿನ ಒಂದು ಕಾರ್ಖಾನೆಯಲ್ಲಿ 17 ವರ್ಷ ದುಡಿದೆ. ಮೂರು ತಿಂಗಳ ಹಿಂದೆ ನಮ್ಮ ವಿಭಾಗ ಮುಚ್ಚಿದರು. ಕೈಗೆ 8 ಲಕ್ಷ ಬಂದಿದೆ. ಮರಗೆಲಸ ನನ್ನ ಹವ್ಯಾಸ. ಕೆಲಸದಲ್ಲಿದ್ದಾಗಲೇ ನಾಲ್ಕು ಭಾನುವಾರ ಕೂತು ಪಕ್ಕದ ಮನೆಯವರಿಗೆ ಸಾಗವಾನಿಯ ಚಿಕ್ಕ ದೇವರ ಮಂಟಪ ಮಾಡಿಕೊಟ್ಟೆ. 6,500 ಕೊಟ್ಟರು, ಮರ ಮತ್ತು ಪಾಲಿಶ್ ಖರ್ಚು ಕಳೆದು 3,000 ಉಳಿಯಿತು. ಇನ್ನಿಬ್ಬರು ಕೇಳಿದ್ದಾರೆ. 5 ಲಕ್ಷಕ್ಕೆ ಮೆಷೀನು ತಂದು ಶೆಡ್ ಹಿಡಿಯೋಣ ಅಂದರೆ ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ. ಊರಲ್ಲಿರುವ ಅಪ್ಪನಿಗೆ ಕೆಲಸ ಹೋದದ್ದೇ ಗೊತ್ತಿಲ್ಲ. ಏನು ಮಾಡಲಿ?

ಉತ್ತರ: 17 ವರ್ಷ ಹೋಗಿ ಬಂದ ಗೇಟು ಒಂದು ದಿನ ಮುಚ್ಚಿಬಿಟ್ಟರೆ ಎಷ್ಟು ಸಂಕಟ ಅಲ್ವಾ. ಅದರ ನಡುವೆಯೂ ಉಳಿ ಹಿಡಿದು ಕೂತಿದ್ದೀರಿ, ನನಗೆ ತುಂಬಾ ಖುಷಿಯಾಯಿತು. ಮರಗೆಲಸ ಖಂಡಿತ ಮಾಡಿ. ಆದರೆ 5 ಲಕ್ಷದ ಮೆಷೀನು ಈಗ ಬೇಡ.

ನಿಮ್ಮ ಮಂಟಪದ ಲೆಕ್ಕವನ್ನೇ ನೋಡೋಣ. ದಿನಕ್ಕೆ ಎಂಟು ಗಂಟೆ ಅಂದುಕೊಂಡರೂ ನಾಲ್ಕು ಭಾನುವಾರಕ್ಕೆ 32 ಗಂಟೆ. 3,000 ರೂಪಾಯಿಯನ್ನು ಅದಕ್ಕೆ ಹಂಚಿದರೆ ಗಂಟೆಗೆ 94 ರೂಪಾಯಿಯೂ ಬೀಳಲಿಲ್ಲ. ಕರೆಂಟು, ಉಪ್ಪುಕಾಗದ, ಮೊಂಡಾದ ಬ್ಲೇಡು, ಮರದ ಮಂಡಿಗೆ ಓಡಾಡಿದ ಪೆಟ್ರೋಲು ಇದರಲ್ಲಿ ಸೇರಿಲ್ಲ. ಆಗ ಸಂಬಳ ಮನೆ ನಡೆಸುತ್ತಿತ್ತು, ನಡೆಯಿತು. ನಾಳೆ ಇದೇ ಬೆಲೆಗೆ ಕೆಲಸ ಹಿಡಿದರೆ ಶೆಡ್ಡಿನ ಬಾಡಿಗೆಗೇ ಎಲ್ಲ ಹೋಗುತ್ತದೆ. ಮೆಷೀನಿದ್ದರೆ ಕೊಯ್ಯುವುದು, ಕೀಸುವುದು ಬೇಗ ಮುಗಿಯುತ್ತದೆ, ನಿಜ. ಜೋಡಿಸುವುದು, ಉಜ್ಜುವುದು, ಪಾಲಿಶ್ ಒಣಗುವುದು ತಮ್ಮ ಹೊತ್ತು ತೆಗೆದುಕೊಂಡೇ ತೀರುತ್ತವೆ.

ಮರ ಕೊಳ್ಳುವುದನ್ನೂ ಕಲಿಯಬೇಕು. ಸಿಎಫ್‌ಟಿ, ಅಂದರೆ ಘನ ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದ ಮರದಲ್ಲಿ ಗಂಟು, ಬಿರುಕು, ಹೊಟ್ಟು ಅಂತ ಒಂದಷ್ಟು ಹೋಗಿಯೇ ಹೋಗುತ್ತದೆ. ಹಸಿ ಮರವಾದರಂತೂ ಹೆಸರೇ ಕೆಡುತ್ತದೆ. ನಮ್ಮ ಮನೆಯ ಹಿತ್ತಿಲ ಬಾಗಿಲು ಆರೇ ತಿಂಗಳಲ್ಲಿ ಒಣಗಿ, ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿತು. ಮಾಡಿದವರ ಹತ್ತಿರ ನಾವು ಮತ್ತೆ ಹೋಗಲಿಲ್ಲ. ಅದಕ್ಕೇ ಆರು ತಿಂಗಳು ಒಬ್ಬ ಹಳೇ ಬಡಗಿಯ ಜೊತೆ ಕೆಲಸ ಮಾಡಿ, ಕೂಲಿ ಕಡಿಮೆಯಾದರೂ ಸರಿ. ಮರ ಆರಿಸುವಾಗ, ಗಿರಾಕಿಗೆ ರೇಟು ಹೇಳುವಾಗ ಪಕ್ಕದಲ್ಲೇ ನಿಂತಿರಿ.

ಹೆಂಡತಿಗೆ ಮರದ ಮೇಲೆ ಸಿಟ್ಟಿರಲಾರದು. ಕೂಡಿಟ್ಟಿದ್ದು ಕರಗಿಹೋದರೆ ಅನ್ನುವ ಭಯ ಇರಬೇಕು. ಒಂದು ವರ್ಷದ ಮನೆ ಖರ್ಚನ್ನು ಬೇರೆ ಖಾತೆಗೆ ಹಾಕಿ, ಪಾಸ್‌ಬುಕ್ ಅವರ ಕೈಗೆ ಕೊಡಿ. ಸಲಕರಣೆಗೆ ಸದ್ಯಕ್ಕೆ 60,000 ದಾಟಬೇಡಿ.

ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಆಮೇಲೆ ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ ಸಿಗುತ್ತದೆ. ಆದರೆ ಅದು ಕಸುಬನ್ನು ಈಗಾಗಲೇ ಸ್ವಂತವಾಗಿ ಮಾಡುತ್ತಿರುವವರಿಗೆ. ನಿಮ್ಮದೇ ಆರ್ಡರುಗಳು ನಾಲ್ಕಾರು ಆದ ಮೇಲೆ ವಿಚಾರಿಸಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ. ಮಾಡಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರಿಗೆ ಸುಮ್ನೆ ಕೊಡಬೇಡಿ.

ಈ ವಾರವೇ ಊರಿಗೆ ಹೋಗಿ ಬನ್ನಿ. ಬಸ್‌ಸ್ಟ್ಯಾಂಡಿನಲ್ಲಿ ಇನ್ಯಾರೋ ಹೇಳುವ ಮೊದಲು ಅಪ್ಪ ನಿಮ್ಮ ಬಾಯಿಂದಲೇ ಕೇಳಲಿ. ವಾಪಸ್ ಬಂದು ಆ ಇಬ್ಬರನ್ನು ಮಾತಾಡಿಸಿ. 3,500 ಸಾಮಾನು, ದಿನಕ್ಕೆ 1,000ದಂತೆ ನಿಮ್ಮ ಕೂಲಿ 4,000, ಚಿಲ್ಲರೆ ಖರ್ಚು 1,000. ಒಟ್ಟು 8,500 ಅಂತ ಹೇಳಿ, ಅರ್ಧ ಮುಂಗಡ ಕೇಳಿ. ಅವರೇನಂದರು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.