ಪೆನ್ಸಿಲ್ ಗೆರೆ ಇರುವಾಗಲೇ ಕೇಳಿ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೈಟೆನ್ಷನ್ ಲೈನ್ ಬಗ್ಗೆಯೇ ಇವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಕ್ಕೆ ಹಾಕಿದ್ದೇನೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇನೆ, ಬೇಜಾರಾಗಬೇಡಿ.

ಪ್ರಶ್ನೆ: ನಮ್ಮ ಜಮೀನಿನ ಮೇಲೆ ಹಳೇ ಲೈನ್ ಹಾದುಹೋಗಿದೆ. ಅದನ್ನು "ಮೇಲ್ದರ್ಜೆಗೆ ಏರಿಸುತ್ತೇವೆ" ಅಂತ ನೋಟಿಸ್ ಬಂದಿದೆ. ಹಾಗಂದರೆ ಏನು, ಹೊಸ ಟವರ್ ನಿಲ್ಲಿಸ್ತಾರಾ?

ಉತ್ತರ: ಅದನ್ನೇ ಮೊದಲು ಕೇಳಬೇಕಾದ್ದು. ಯಾಕಂದ್ರೆ ಆ ಒಂದು ಮಾತಿನ ಹಿಂದೆ ಮೂರು ಬೇರೆ ಬೇರೆ ಕೆಲಸ ಇರಬಹುದು.

ಒಂದು, ಬರೀ ತಂತಿ ಬದಲಿಸುವುದು. ಹಳೇ ತಂತಿಯಲ್ಲಿ ನಡುವೆ ಉಕ್ಕಿನ ಎಳೆಗಳು, ಸುತ್ತ ಅಲ್ಯೂಮಿನಿಯಂ ಎಳೆಗಳು ಇರುತ್ತವೆ. ಕರೆಂಟ್ ಜಾಸ್ತಿ ಹರಿದರೆ ತಂತಿ ಬಿಸಿಯಾಗುತ್ತದೆ, ಬಿಸಿಯಾದರೆ ಉದ್ದವಾಗುತ್ತದೆ, ಉದ್ದವಾದರೆ ಕೆಳಗೆ ಜೋಲುತ್ತದೆ. ಎಷ್ಟೋ ಲೈನ್‌ಗಳಲ್ಲಿ ನಿಜವಾದ ಮಿತಿ ಈ ಜೋಲೇ. ಅದಕ್ಕೇ ಹಳೇ ತಂತಿಯನ್ನು ಸುಮಾರು 75-85 ಡಿಗ್ರಿ ದಾಟಲು ಬಿಡುವುದಿಲ್ಲ. ಈಗ ಬರುವ ಹೊಸ ಬಗೆಯ ತಂತಿಗಳು 150 ಡಿಗ್ರಿ ದಾಟಿದರೂ ಅಷ್ಟಾಗಿ ಜೋಲುವುದಿಲ್ಲ. ಹೆಚ್ಚುಕಡಿಮೆ ಅದೇ ತೂಕಕ್ಕೆ ಎರಡರಷ್ಟರ ಹತ್ತಿರ ಕರೆಂಟ್ ಹೊರುತ್ತವೆ. ಹಾಗಾಗಿ ಟವರ್ ಬಹುತೇಕ ಹಳೇದೇ ಇರುತ್ತದೆ, ಅಲ್ಲಲ್ಲಿ ಬಲಪಡಿಸುತ್ತಾರೆ ಅಷ್ಟೆ. ಈ ಕೆಲಸ ನೋಡೋಕೆ ಚೆಂದ. ಪ್ರತಿ ಟವರಿನ ತೋಳಿಗೂ ರಾಟೆ ಕಟ್ಟುತ್ತಾರೆ, ಹಳೇ ತಂತಿಯ ಬಾಲಕ್ಕೆ ಹೊಸ ತಂತಿಯ ತಲೆಯನ್ನು ಬಿಗಿಯುತ್ತಾರೆ, ಆಮೇಲೆ ಒಂದು ತುದಿಯಲ್ಲಿ ಯಂತ್ರ ಎಳೆಯುತ್ತಾ ಹೋಗುತ್ತದೆ, ಇನ್ನೊಂದು ತುದಿಯಲ್ಲಿ ಮತ್ತೊಂದು ಯಂತ್ರ ಬ್ರೇಕ್ ಹಿಡಿದು ಬಿಗಿ ಕಾಯುತ್ತದೆ. ಹೊಸ ತಂತಿ ಎಲ್ಲೂ ನೆಲಕ್ಕೆ ತಾಗಬಾರದು. ಒಂದು ಗೀರು ಬಿದ್ದರೂ ಮುಂದೆ ಮಂಜು ಬಿದ್ದ ದಿನ ಅದೇ ಜಾಗದಲ್ಲಿ ಬುಸ್ ಬುಸ್ ಅಂತ ಸದ್ದು ಶುರುವಾಗುತ್ತದೆ.

ಎರಡು, ವೋಲ್ಟೇಜ್ ಏರಿಸುವುದು. ವೋಲ್ಟೇಜ್ ಎರಡರಷ್ಟಾದರೆ ಅಷ್ಟೇ ವಿದ್ಯುತ್ತಿಗೆ ಕರೆಂಟ್ ಅರ್ಧ ಸಾಕು, ದಾರಿಯಲ್ಲಿ ಸೋರುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ನೆಲ, ಮರ, ಟವರಿನ ಮೈ ಎಲ್ಲದರಿಂದಲೂ ತಂತಿ ಇನ್ನೂ ದೂರ ಇರಬೇಕು. ಹಳೇ ಟವರಿಗೆ ಸಾಮಾನ್ಯವಾಗಿ ಅಷ್ಟು ಎತ್ತರ ಇರಲ್ಲ. ನಿಮ್ಮ ಲೈನ್ ಎಷ್ಟರದು ಅಂತ ಗೊತ್ತಿಲ್ಲದಿದ್ದರೆ ತಂತಿಯನ್ನು ನೇತುಹಾಕಿರುವ ಪಿಂಗಾಣಿ ಬಿಲ್ಲೆಗಳನ್ನು ದೂರದಿಂದಲೇ ಎಣಿಸಿ. 220 ಕಿಲೋವೋಲ್ಟ್‌ಗೆ ಸುಮಾರು 14, 400ಕ್ಕೆ ಸುಮಾರು 23 ಇರುತ್ತವೆ.

ಮೂರನೆಯದು ಹಳೇದನ್ನು ಪೂರ್ತಿ ಕಿತ್ತು ಅದೇ ದಾರಿಯಲ್ಲಿ ದೊಡ್ಡದು ಕಟ್ಟುವುದು. ಹೆಸರು ಮೇಲ್ದರ್ಜೆ, ಕೆಲಸ ಹೊಸ ಲೈನಿನದು. ಮೂರರಲ್ಲಿ ಯಾವುದು ಅಂತ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಈಗಿರುವ ಎರಡು ಲೈನ್‌ಗಳೂ ಅರ್ಧ ಮಾತ್ರ ಬಳಕೆಯಾಗುತ್ತಿವೆ ಅಂತ ಅವರ ವರದಿಯೇ ಹೇಳುತ್ತದೆ. ಮತ್ತೆ ಯಾಕೆ ಈ ಖರ್ಚು? ಸುಮ್ನೆ ದುಡ್ಡು ಹೊಡೆಯೋಕಾ?

ಉತ್ತರ: ಅನುಮಾನ ಸಹಜ. ಆದರೆ ಗ್ರಿಡ್ ಅನ್ನು, ಅಂದರೆ ಲೈನ್‌ಗಳ ಇಡೀ ಜಾಲವನ್ನು, ಯಾರೂ ತುಂಬಿಸಿ ಓಡಿಸುವುದಿಲ್ಲ. ಯಾವುದೇ ಒಂದು ಲೈನ್ ತಟ್ಟಂತ ನಿಂತುಹೋದರೂ ಉಳಿದವು ಅದರ ಹೊರೆಯನ್ನು ಆ ಕ್ಷಣವೇ ಹೊರಬೇಕು. ಇದು ಪ್ಲಾನಿಂಗ್‌ನ ಮೊದಲ ಪಾಠ. ಎರಡು ಲೈನ್ ತಲಾ ಅರ್ಧ ಅಂದರೆ, ಲೆಕ್ಕದಲ್ಲಿ ಅದು ಭರ್ತಿಯೇ.

2003ರ ಸೆಪ್ಟೆಂಬರ್ 28ರ ನಡುರಾತ್ರಿ ಕಳೆದ ಮೇಲೆ ಸ್ವಿಟ್ಜರ್ಲೆಂಡಿನಿಂದ ಇಟಲಿ ಕಡೆಗೆ ವಿದ್ಯುತ್ ಒಯ್ಯುತ್ತಿದ್ದ ಒಂದು ಲೈನ್‌ನಿಂದ ಮರಕ್ಕೆ ಕಿಡಿ ಹಾರಿ ಅದು ನಿಂತಿತು. ಅದರ ಹೊರೆ ಪಕ್ಕದ ಲೈನಿಗೆ ಬಿತ್ತು. ಅದು ಬಿಸಿಯಾಗಿ ಜೋತು ಸುಮಾರು 25 ನಿಮಿಷದಲ್ಲಿ ಅದೂ ಮರಕ್ಕೆ ತಾಗಿತು. ಆಮೇಲೆ ಕೆಲವೇ ನಿಮಿಷ, ಸಾರ್ಡಿನಿಯಾ ಬಿಟ್ಟು ಹೆಚ್ಚುಕಡಿಮೆ ಇಡೀ ಇಟಲಿ ಕತ್ತಲು.

ನಮ್ಮ ದೇಶದ 2012ರ ಜುಲೈ 30ರ ಕತೆ ಇನ್ನೂ ವಿಚಿತ್ರ. ಬೀನಾ-ಗ್ವಾಲಿಯರ್-ಆಗ್ರಾ ದಾರಿಯಲ್ಲಿ 400 ಕಿಲೋವೋಲ್ಟಿನ ಎರಡು ಸರ್ಕ್ಯೂಟ್, ಅಂದರೆ ಬೇರೆ ಬೇರೆಯಾಗಿ ಓಡಿಸಬಹುದಾದ ಎರಡು ತಂತಿ ಸೆಟ್, ಇದ್ದವು. ಅದರಲ್ಲಿ ಒಂದನ್ನು 765ಕ್ಕೆ ಏರಿಸುವ ಕೆಲಸಕ್ಕಾಗಿಯೇ ಬಂದ್ ಮಾಡಿದ್ದರು! ಉಳಿದದ್ದರ ಮೇಲೆ ಹೊರೆ ಎಷ್ಟಾಯಿತೆಂದರೆ, ತಂತಿಯಲ್ಲಿ ಯಾವ ದೋಷವೂ ಇಲ್ಲದಿದ್ದರೂ ರಕ್ಷಣೆಯ ರಿಲೇ (ದೋಷ ಕಂಡರೆ ಲೈನ್ ಕತ್ತರಿಸುವ ಸಾಧನ) ಅದನ್ನು ದೋಷ ಅಂತಲೇ ತಿಳಿದು ಲೈನ್ ಕತ್ತರಿಸಿತು. ಉತ್ತರ ಭಾರತ ಕತ್ತಲಾಯಿತು. ಮಾರನೇ ದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್ ಬಿದ್ದು 60 ಕೋಟಿಗೂ ಹೆಚ್ಚು ಜನರಿಗೆ ತಟ್ಟಿತು. ಹಾಗಾಗಿ ಮಂಜೂರಾತಿ ಸಭೆಯಲ್ಲಿ ನಾನು ಕುಳಿತರೆ ಕೇಳುವ ಒಂದು ಪ್ರಶ್ನೆ: ಕೆಲಸ ನಡೆಯುವ ತಿಂಗಳುಗಳಲ್ಲಿ ಈ ಹೊರೆಯನ್ನು ಯಾರು ಹೊರುತ್ತಾರೆ?

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. 2003ರ ಆಗಸ್ಟ್ 14ರಂದು ಅಮೆರಿಕ-ಕೆನಡಾದಲ್ಲಿ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ಹೋಯಿತು. ಅವತ್ತು ಒಹಾಯೊದಲ್ಲಿ ಮರಕ್ಕೆ ತಾಗಿ ನಿಂತ ಒಂದು 345 ಕಿಲೋವೋಲ್ಟ್ ಲೈನ್ ತನ್ನ ಸಾಮರ್ಥ್ಯದ ಅರ್ಧವನ್ನೂ ಹೊತ್ತಿರಲಿಲ್ಲ, 44 ಪರ್ಸೆಂಟ್ ಅಷ್ಟೆ. ಕೆಳಗಿನ ಮರ ಕಡಿಯದೆ ಬಿಟ್ಟಿದ್ದರು. ಹೊಸ ಲೈನ್ ಕೇಳುವವರು ಹಳೇ ಲೈನಿನ ಕೆಳಗೆ ಗಿಡ ಸವರಿದ್ದಾರಾ ಅಂತಲೂ ನೋಡಬೇಕು, ಅಲ್ವಾ?

ಪ್ರಶ್ನೆ: ಸೋಲಾರ್ ಪಾರ್ಕ್ ಎರಡು ವರ್ಷದಲ್ಲಿ ಏಳುತ್ತದೆ, ಲೈನಿಗೆ ಹತ್ತು ವರ್ಷ ಯಾಕೆ? ಆಕ್ಷೇಪ ಹಾಕೋರಿಂದಲೇ ತಡ ಅಂತಾರೆ.

ಉತ್ತರ: ಸೋಲಾರ್ ಪಾರ್ಕಿಗೆ ಒಂದು ಬೇಲಿಯೊಳಗಿನ ಜಾಗ ಸಾಕು. ಲೈನ್ ನೂರಾರು ಜನರ ಹೊಲ, ಕಾಡು, ಹೊಳೆ, ರೈಲು ಹಳಿ, ಹೆದ್ದಾರಿ ದಾಟಬೇಕು. ಒಬ್ಬೊಬ್ಬರದೂ ಒಂದೊಂದು ಒಪ್ಪಿಗೆ. ಅಮೆರಿಕದ ನ್ಯೂ ಮೆಕ್ಸಿಕೊದಿಂದ ಅರಿಜೋನಾಕ್ಕೆ ಹೋಗುವ ಸನ್‌ಜಿಯಾ ಲೈನ್ ಯೋಜನೆ ಹುಟ್ಟಿದ್ದು 2006ರಲ್ಲಿ, ಕಟ್ಟುವ ಕೆಲಸ ಶುರುವಾಗಿದ್ದು 2023ರಲ್ಲಿ.

ಆಕ್ಷೇಪದಿಂದ ತಡವಾಗುತ್ತದೆ ಅನ್ನೋದು ಅರ್ಧ ನಿಜ. ಉಳಿದರ್ಧ ಏನಂದರೆ, ಜನರ ಹತ್ತಿರ ಬರೋದೇ ಎಲ್ಲಾ ಮುಗಿದ ಮೇಲೆ. ಮೊದಲು ಲೈನ್ ಬೇಕೋ ಬೇಡವೋ ಅನ್ನುವ ಅಧ್ಯಯನ. ಆಮೇಲೆ ನಕ್ಷೆಯ ಮೇಲೆ ಮೂರು ನಾಲ್ಕು ದಾರಿ. ಅದರಲ್ಲಿ ಒಂದು ಉಳಿಯುತ್ತದೆ. ಆಮೇಲೆ ನೆಲದ ಸರ್ವೆ, ಪರಿಸರದ ವರದಿ, ಕಡೆಗೆ ಅಹವಾಲು ಸಭೆ. ಆ ಸಭೆಗೆ ಹೋಗಿ "ನಮ್ಮ ಕಡೆ ಬೇಡ" ಅಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ದಾರಿ ಇನ್ನೂ ಪೆನ್ಸಿಲ್ ಗೆರೆಯಾಗಿ ಇರುವಾಗ ಕೇಳಬೇಕು. ಬೇಡಿಕೆಯ ಅಂದಾಜು ಯಾವ ವರ್ಷದ್ದು? ಬರೀ ತಂತಿ ಬದಲಿಸಿ ನೋಡಿದ ಲೆಕ್ಕ ಇದೆಯಾ? ಕೈಬಿಟ್ಟ ದಾರಿಗಳನ್ನು ಯಾಕೆ ಬಿಟ್ಟಿರಿ?

ಟವರ್ ವಿಷಯವೂ ಅಷ್ಟೇ. ಇಂಜಿನಿಯರಿಗೆ ನೇರ ಗೆರೆ ಇಷ್ಟ. ತಿರುವಿನಲ್ಲಿ ನಿಲ್ಲುವ ಟವರ್ ಎರಡೂ ಕಡೆಯ ತಂತಿ ತಿರುವಿನ ಒಳಕ್ಕೆ ಎಳೆಯುವುದನ್ನು ತಾಳಬೇಕು, ಹಾಗಾಗಿ ಅದಕ್ಕೆ ಉಕ್ಕು ಜಾಸ್ತಿ, ಬುನಾದಿ ದೊಡ್ಡದು, ಖರ್ಚೂ ಹೆಚ್ಚು. ಆದರೆ ದಾರಿ ಬಾಗಿಸದೆ ಅದೇ ಗೆರೆಯ ಮೇಲೆ ಟವರನ್ನು ಕೆಲವು ಮೀಟರ್ ಹಿಂದೆ ಮುಂದೆ ಸರಿಸಿ, ಹೊಲದ ನಡುವಿನ ಬದಲು ಬದುವಿಗೆ ತರುವುದು ಮೊದಲಲ್ಲಿ ಸುಲಭ. ಬುನಾದಿಯ ಡಿಸೈನ್ ಆದ ಮೇಲೆ ಒಂದನ್ನು ಸರಿಸಿದರೆ ಅಕ್ಕಪಕ್ಕದ ಟವರಿನ ಲೆಕ್ಕವೂ ಕೆಡುತ್ತದೆ, ಆಗ ಯಾರೂ ನಿಮ್ಮ ಮಾತು ಕೇಳಲ್ಲ.

ಪ್ರಶ್ನೆ: ನೆಲದಡಿ ಕೇಬಲ್ ಹಾಕಿಬಿಟ್ಟರೆ ಜಗಳವೇ ಇಲ್ಲವಲ್ಲ?

ಉತ್ತರ: ಜಗಳ ಕಡಿಮೆಯಾಗುತ್ತದೆ, ಬಿಲ್ ಹಲವು ಪಟ್ಟು ಏರುತ್ತದೆ. ಎಸಿ (ದಿಕ್ಕು ಬದಲಿಸುತ್ತಲೇ ಹರಿಯುವ ಕರೆಂಟಿನ) ಕೇಬಲ್‌ಗೆ ಇನ್ನೊಂದು ತೊಡಕಿದೆ. ಉದ್ದವಾದಷ್ಟೂ ಕೇಬಲ್ ತನ್ನನ್ನೇ ತುಂಬಿಸಿಕೊಳ್ಳೋಕೆ ಕರೆಂಟ್ ತಿನ್ನುತ್ತದೆ. ಹತ್ತಾರು ಕಿಲೋಮೀಟರ್ ದಾಟಿದರೆ ನಡುನಡುವೆ ಅದಕ್ಕೆಂದೇ ದೊಡ್ಡ ಉಪಕರಣ ಬೇಕು. ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ಹುಡುಕಿ, ಅಗೆದು, ಜೋಡಿಸೋಕೆ ವಾರಗಟ್ಟಲೆ. ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಆದರೆ ಆ ಹೊಟ್ಟೆಬಾಕತನ ಇಲ್ಲ. ಜರ್ಮನಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಸುಮಾರು 700 ಕಿಲೋಮೀಟರ್ ಹೋಗುವ ಸೂಡ್‌ಲಿಂಕ್ ಅನ್ನು ಜನರ ವಿರೋಧ ನೋಡಿ ನೆಲದಡಿಗೆ ಇಳಿಸಿದರು. 2022ಕ್ಕೆ ಮುಗಿಯಬೇಕಿದ್ದದ್ದು 2028ಕ್ಕೆ ಹೋಯಿತು. ಕೇಬಲ್ ಗುಂಡಿಯ ಮೇಲೆ ಆಳವಾಗಿ ಬೇರು ಬಿಡುವ ಮರ ಬೆಳೆಸುವ ಹಾಗೂ ಇಲ್ಲ. ಶಾಲೆ ಪಕ್ಕ, ಕಿಕ್ಕಿರಿದ ಊರೊಳಗೆ ಒಂದಿಷ್ಟು ದೂರ ಕೇಬಲ್ ಕೇಳಿ, ನ್ಯಾಯ. ಇಡೀ ಲೈನಿಗೆ ಕೇಳಿದರೆ ಇಲ್ಲ ಅನ್ನೋಕೆ ಅವರಿಗೆ ಸುಲಭವಾಗುತ್ತದೆ.

ಪ್ರಶ್ನೆ: ಲೈನ್ ಹತ್ತಿರ ಮನೆ ಇದ್ದರೆ ಕ್ಯಾನ್ಸರ್ ಬರುತ್ತಾ?

ಉತ್ತರ: 2002ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಲೈನಿನ ಸುತ್ತ ಏಳುವ ಕಾಂತಕ್ಷೇತ್ರವನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಅನ್ನುವ ಪಟ್ಟಿಗೆ ಸೇರಿಸಿತು. ಮಕ್ಕಳ ರಕ್ತಕ್ಯಾನ್ಸರ್ ಜೊತೆ ಒಂದು ಸಣ್ಣ ನಂಟು ಅಂಕಿಗಳಲ್ಲಿ ಕಂಡಿತ್ತು. ಅದೇ ಕಾರಣ ಅಂತ ಸಾಬೀತಾಗಿಲ್ಲ. ಹೆದರಿ ಮನೆ ಮಾರಬೇಡಿ. ಆದರೆ ಒಂದು ಗಮನಿಸಿ: ಕಾಂತಕ್ಷೇತ್ರ ಏರೋದು ಕರೆಂಟಿನಿಂದ, ವೋಲ್ಟೇಜಿನಿಂದಲ್ಲ. ಅದೇ ಟವರಿನಲ್ಲಿ ಎರಡರಷ್ಟು ಕರೆಂಟ್ ಹರಿಸಿದರೆ ಕ್ಷೇತ್ರವೂ ಎರಡರಷ್ಟಾಗುತ್ತದೆ. ಹಾಗಾಗಿ "ಬರೀ ತಂತಿ ತಾನೇ" ಅಂತ ಅವರು ಅಂದರೆ, ಮನೆ ಇರುವ ದೂರದಲ್ಲಿ ಈಗೆಷ್ಟು, ಆಮೇಲೆಷ್ಟು ಅಂತ ಮೈಕ್ರೊಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ) ಲೆಕ್ಕ ಕೇಳಿ. ಎರಡು ಸರ್ಕ್ಯೂಟ್ ಇರುವ ಟವರಿನಲ್ಲಿ ಒಂದು ಬದಿಯ ತಂತಿಗಳ ಕ್ರಮವನ್ನು ಇನ್ನೊಂದು ಬದಿಯಲ್ಲಿ ತಲೆಕೆಳಗು ಮಾಡಿದರೆ ಎರಡರ ಕ್ಷೇತ್ರ ಒಂದನ್ನೊಂದು ಬಹಳಷ್ಟು ತಗ್ಗಿಸುತ್ತದೆ. ಅದಕ್ಕೆ ಮೊದಲೇ ಯೋಚಿಸಿದರೆ ಖರ್ಚು ಅಂತ ಏನೂ ಹೆಚ್ಚಿಲ್ಲ.

ಪ್ರಶ್ನೆ: ಲೈನ್ ಕೆಳಗೆ ಟ್ಯೂಬ್‌ಲೈಟ್ ಹಿಡಿದು ನಿಂತರೆ ತಾನಾಗೇ ಉರಿಯುತ್ತಂತೆ, ನಿಜವಾ?

ಉತ್ತರ: ನಿಜ. ದೊಡ್ಡ ಲೈನ್ ಕೆಳಗೆ ವಿದ್ಯುತ್ ಕ್ಷೇತ್ರ ಅಷ್ಟಿರುತ್ತದೆ. 2004ರಲ್ಲಿ ಇಂಗ್ಲೆಂಡಿನ ಒಬ್ಬ ಕಲಾವಿದ ಬ್ರಿಸ್ಟಲ್ ಹತ್ತಿರ ಲೈನ್ ಕೆಳಗಿನ ಹೊಲದಲ್ಲಿ 1301 ಟ್ಯೂಬ್‌ಗಳನ್ನು ನೆಟ್ಟು ರಾತ್ರಿ ಬೆಳಗಿಸಿ ತೋರಿಸಿದ್ದರು, ಒಂದಕ್ಕೂ ವೈರ್ ಇರಲಿಲ್ಲ. ನೀವು ಮಾತ್ರ ಟ್ಯೂಬನ್ನು ಕೋಲಿಗೆ ಕಟ್ಟಿ ಮೇಲೆತ್ತೋಕೆ ಹೋಗಬೇಡಿ.