ಬೆಕ್ಕು ಅವರದು, ಇಗುವಾನಾ ಇವರದು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಆಕೆ ತಮ್ಮ ಬೆಕ್ಕನ್ನು ಕರೆದುಕೊಂಡು ಗಂಡನ ಮನೆಗೆ ಬಂದಿದ್ದರು. ಆ ಮನೆಯಲ್ಲಿ ಮೊದಲೇ ಒಂದು ಗಂಡು ಹಸಿರು ಇಗುವಾನಾ, ಅಂದರೆ ದೊಡ್ಡ ಜಾತಿಯ ಹಲ್ಲಿ, ಇತ್ತು, ಬಾಲ ಸೇರಿ ಐದಡಿ. ದಿನಾ ಜಗಳ ಎಂದು ದಾಂಪತ್ಯ ಸಲಹೆಗಾಗಿ ನನ್ನಲ್ಲಿಗೆ ಬಂದವರು, ಕೂತ ಸ್ವಲ್ಪ ಹೊತ್ತಿಗೇ ಪ್ರಾಣಿಗಳ ವಿಷಯಕ್ಕೆ ಇಳಿದರು.

"ಬಾಲದಲ್ಲಿ ಹೇಗೆ ಬಾರಿಸಿತು ನೋಡಿದಿರಲ್ಲ, ಬೆಕ್ಕಿನ ಕಣ್ಣೇ ಹೋಗುತ್ತಿತ್ತು ರೀ."

"ನಿನ್ನ ಬೆಕ್ಕು ಹೊತ್ತಾರೆಯಿಂದ ಅದನ್ನೇ ದಿಟ್ಟಿಸುತ್ತಾ ಕೂತರೆ ಅದಾದರೂ ಏನು ಮಾಡಬೇಕು?"

ಆತ ಮೊಬೈಲ್‌ನಲ್ಲಿ ಫೋಟೊ ತೋರಿಸಿದರು. ಸೋಫಾದ ಮೇಲೆ ಎರಡೂ ಅಕ್ಕಪಕ್ಕ, ಇಗುವಾನಾ ಕಣ್ಣು ಮುಚ್ಚಿಕೊಂಡಿದೆ. "ಸ್ನೇಹವಾಗಿಯೇ ಇದ್ದವು ಸರ್, ಇನ್ನೊಂದಿಷ್ಟು ದಿನ ಒಟ್ಟಿಗೆ ಬಿಟ್ಟರೆ ಸರಿಹೋಗುತ್ತೆ."

ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಇಬ್ಬರೂ ಜೊತೆಯಾಗಿಯೇ ಹೋಗಿಬನ್ನಿ ಎಂದೆ. ಒಬ್ಬರೇ ಹೋದರೆ ತಮಗೆ ಬೇಕಾದ್ದಷ್ಟನ್ನೇ ಕೇಳಿಸಿಕೊಂಡು ಬರುತ್ತಾರೆ, ಇದು ನನ್ನ ಅನುಭವ. ವೈದ್ಯರು ಆ ಫೋಟೊ ನೋಡಿ, ತಪ್ಪಿಸಿಕೊಳ್ಳಲು ದಾರಿ ಕಾಣದಾಗಲೂ ಇಗುವಾನಾ ಹೀಗೆ ಕಣ್ಣು ಮುಚ್ಚಿ ಕೂರುತ್ತದೆ ಎಂದರಂತೆ. ಮೈಬಣ್ಣ ಕಪ್ಪಾಗಿತ್ತು, ಸೊಪ್ಪು ಮುಟ್ಟುತ್ತಿರಲಿಲ್ಲ. ಗಂಟಲ ಚೀಲ ಇಳಿಬಿಟ್ಟು, ಮೈಯನ್ನು ಅಡ್ಡಲಾಗಿ ಚಪ್ಪಟೆ ಮಾಡಿ ತಲೆ ಆಡಿಸಿದರೆ ಅದು ಎಚ್ಚರಿಕೆ. ಗಂಡಿಗೆ ಬೆದೆಯ ತಿಂಗಳುಗಳಲ್ಲಿ ಸಿಟ್ಟು ಇನ್ನೂ ಜಾಸ್ತಿ. ಬೆಕ್ಕಿನ ಹಲ್ಲು ಚೂರು ತಾಗಿದರೂ ಅದರ ಬಾಯಿಯ ಬ್ಯಾಕ್ಟೀರಿಯಾದಿಂದ ಇಗುವಾನಾದ ಜೀವಕ್ಕೇ ಅಪಾಯ, ಅಂದೇ ಚಿಕಿತ್ಸೆಯಾಗಬೇಕು. ಬೆಕ್ಕಿನ ಆಹಾರವನ್ನು ಅದು ಮೆಲ್ಲುತ್ತಿದ್ದದ್ದೂ ಆಗ ಹೊರಬಂತು. ಸೊಪ್ಪುಸದೆ ತಿನ್ನುವ ಪ್ರಾಣಿ ಅದು, ಅಷ್ಟು ಪ್ರೋಟೀನ್ ಮೂತ್ರಪಿಂಡಕ್ಕೆ ಕೆಡುಕು.

ನನ್ನ ಸಲಹೆ ಸರಳವಾಗಿತ್ತು: ಸ್ನೇಹ ಮಾಡಿಸುವ ಪ್ರಯತ್ನ ಬಿಡಿ. ಇಗುವಾನಾದ ಕೋಣೆಗೆ ಚಿಲಕ ಇರಲಿ. ಒಂದು ಹೊರಗಿದ್ದಾಗ ಇನ್ನೊಂದು ಒಳಗಿರಲಿ, ಬೆಕ್ಕು ಊಟ ಮುಗಿಸಿದ ಕೂಡಲೇ ತಟ್ಟೆ ಎತ್ತಿ.

ಸ್ನಾನದ ವಿಷಯದಲ್ಲಿ ಮಾತ್ರ ನಾನು ಆಕೆಯ ಪಕ್ಷ. ಆತ ಇಗುವಾನಾವನ್ನು ಮನೆಮಂದಿಯೆಲ್ಲ ಬಳಸುವ ಟಬ್ಬಿನಲ್ಲೇ ನೀರಿಗಿಳಿಸುತ್ತಿದ್ದರು. ನೀರಿಗಿಳಿದರೆ ಸಾಮಾನ್ಯವಾಗಿ ಅದು ಅಲ್ಲೇ ಹೊಲಸು ಮಾಡುತ್ತದೆ. ನೋಡಲು ಆರೋಗ್ಯವಾಗಿದ್ದರೂ ಮಲದಲ್ಲಿ ಸಾಲ್ಮೊನೆಲ್ಲಾ ಎಂಬ, ಮನುಷ್ಯರಿಗೆ ವಾಂತಿಭೇದಿ ತರುವ ಬ್ಯಾಕ್ಟೀರಿಯಾ ಇರಬಹುದು, ಮನೆಯಲ್ಲಿ ಆಕೆಯ ವಯಸ್ಸಾದ ತಾಯಿಯೂ ಇದ್ದಾರೆ. ಅದಕ್ಕೇ ಬೇರೆ ಟಬ್, ಬೇರೆ ಬ್ರಶ್. ತೊಳೆಯುವ ಕೆಲಸ ಆತನದು, ಅಡುಗೆಮನೆಯ ಸಿಂಕ್‌ನಲ್ಲಿ ಅಲ್ಲ. ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಬೇಕು. ಆಕೆಯ ದೂರನ್ನು ಆತ ಅಸಹ್ಯ ಎಂದುಕೊಂಡಿದ್ದರು, ಭಯ ಎಂದು ತಿಳಿದಿರಲಿಲ್ಲ.

ಜಗಳದ ಬೇರು ಇನ್ನೊಂದು ಕಡೆ ಇತ್ತು. ಮನೆಯ ದೊಡ್ಡ ಕೋಣೆ ಇಗುವಾನಾದ್ದು. ಮೈ ಕಾಯಿಸಲು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಜಾಗ, ದಿನಕ್ಕೆ 10–12 ಗಂಟೆ ಯುವಿಬಿ (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣದ) ದೀಪ, ಹತ್ತಲು ಎತ್ತರದ ಕೊಂಬೆ, ಮೂಲೆಗೆ ತಳ್ಳುವಂತಿಲ್ಲ. "ಬೆಕ್ಕಿಗೆ ಜಾಗವಿಲ್ಲ" ಎಂದು ಆಕೆ ಮತ್ತೆ ಮತ್ತೆ ಹೇಳುತ್ತಿದ್ದಾಗ, "ನಿಮಗೆ?" ಎಂದು ಕೇಳಿದೆ. ಆಕೆಯ ಪುಸ್ತಕದ ಪೆಟ್ಟಿಗೆಗಳು ಇನ್ನೂ ಬಿಚ್ಚದೆ ಹಜಾರದಲ್ಲೇ ಇದ್ದವು. ಆತ ಏನೂ ಹೇಳಲಿಲ್ಲ.

ಚೆನ್ನಾಗಿ ಸಾಕಿದ ಇಗುವಾನಾ 15–20 ವರ್ಷ ಬದುಕುತ್ತದೆ. ಇದಕ್ಕಿನ್ನೂ ಆರು. ಅದನ್ನು ಯಾರಿಗಾದರೂ ಕೊಟ್ಟುಬಿಡುವ ಮಾತನ್ನು ಸದ್ಯಕ್ಕೆ ಇಬ್ಬರೂ ಎತ್ತಬಾರದು ಎಂದಿದ್ದೇನೆ. ಮುಂದಿನ ಭೇಟಿಗೆ ಮನೆಯ ನಕ್ಷೆ ಬರೆದು ತರಲಿದ್ದಾರೆ, ಯಾವ ಕೋಣೆ ಯಾರದು ಎಂದು ಗುರುತು ಹಾಕಿಕೊಂಡು.