ವಾಚನ ಹಿಡಿಸದಿದ್ದರೆ ಕಾದಂಬರಿಯ ಸ್ಟಾರ್ ಕಡಿಮೆ ಮಾಡಬೇಕಾ?

ಪತ್ತೇದಾರಿ ಕಾದಂಬರಿಯನ್ನು ಆಡಿಯೊಬುಕ್‌ನಲ್ಲಿ ಕೇಳಿದ್ದೀರಿ, ಕಥೆ ಇಷ್ಟವಾಯಿತು, ವಾಚನ ಹಿಡಿಸಲಿಲ್ಲ. ಹಾಗಂತ ವಿಮರ್ಶೆಯಲ್ಲಿ ಸ್ಟಾರ್ ಕಡಿಮೆ ಮಾಡಲಾ ಅಂತ ಕೇಳಿದ್ದೀರಿ. ಬೇಡ, ಎರಡನ್ನೂ ಬೇರೆ ಇಡಿ. ಆಡಿಬಲ್ ಅನ್ನುವ ಆಡಿಯೊಬುಕ್ ತಾಣದಲ್ಲಿ ಕಥೆಗೆ, ವಾಚನಕ್ಕೆ, ಒಟ್ಟಾರೆಗೆ ಬೇರೆ ಬೇರೆ ಸ್ಟಾರ್ ಕೊಡಬಹುದು. ಆ ಸೌಲಭ್ಯ ಇಲ್ಲದ ಕಡೆ, ನೀವು ಓದಿದ್ದಲ್ಲ, ಕೇಳಿದ್ದು ಅಂತ ಮೊದಲ ಸಾಲಲ್ಲೇ ಹೇಳಿ.

ಆದರೆ ಸುಮ್ನೆ 'ಹಿಡಿಸಲಿಲ್ಲ' ಅಂದರೆ ಸಾಲದು, ಯಾಕೆ ಅಂತ ಬರೆಯಿರಿ. ಪತ್ತೇದಾರಿ ಕಥೆಯಲ್ಲಿ ಇದು ತುಂಬಾ ಮುಖ್ಯ. ವಿಚಾರಣೆಯಲ್ಲಿ ಇಬ್ಬರ ದನಿಯೂ ಒಂದೇ ಥರ ಇದ್ದರೆ ಯಾರು ಏನು ಹೇಳಿದರು ಅನ್ನುವುದೇ ತಪ್ಪಿಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಕೊಲೆಗಾರನಿಗೆ ಮೊದಲಿಂದಲೇ ಅನುಮಾನ ಹುಟ್ಟಿಸುವ ದನಿ ಕೊಡುವುದು. ಗುಟ್ಟು ಅಲ್ಲೇ ರಟ್ಟಾಗುತ್ತದೆ! ಪುಸ್ತಕ ಹಿಡಿದು ಓದುವವರಿಗೆ ಈ ಕಾಟ ಇಲ್ಲ, ಅಲ್ವಾ?



ಪೂರ್ತಿ ಆವೃತ್ತಿಯಾ, ಸಂಕ್ಷಿಪ್ತವಾ ಅಂತಲೂ ನೋಡಿ. ನಿಮಿಷಕ್ಕೆ 150 ಪದದ ಲೆಕ್ಕದಲ್ಲಿ 90,000 ಪದಗಳ ಇಂಗ್ಲಿಷ್ ಕಾದಂಬರಿಗೆ 10 ಗಂಟೆ ಬೇಕು. ಅಷ್ಟು ದೊಡ್ಡ ಪುಸ್ತಕ 5 ಗಂಟೆಯಲ್ಲಿ ಮುಗಿದಿದ್ದರೆ ಸುಮಾರು ಅರ್ಧ ಭಾಗ ಕತ್ತರಿಸಿರುತ್ತಾರೆ. ಆಗ ಲೇಖಕರನ್ನು ದೂರುವುದು ನ್ಯಾಯವಲ್ಲ.